ಮುನ್‌ನಿಂದ ಮರಳುವಾಗ ಗಾಳಿಯನ್ನೇ ಬ್ರೇಕ್ ಮಾಡಿಕೊಂಡದ್ದು

ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಕಂಪ್ಯೂಟರ್ ಆಟದಲ್ಲಿ ಮುನ್ ಎಂಬ ಚಂದ್ರನಿಗೆ ಹೋಗಿ ಬರುವುದು ನನಗೆ ರೂಢಿಯಾಗಿತ್ತು. ಶಾಖಕವಚ ಹೊತ್ತ ಪುಟ್ಟ ಕೋಶವನ್ನು ಕೆರ್ಬಿನ್ ಗ್ರಹದ 30 ಕಿ.ಮೀ. ಎತ್ತರಕ್ಕೆ ಗುರಿಯಿಟ್ಟು ಬಿಟ್ಟರೆ ಉಳಿದದ್ದನ್ನು ಗಾಳಿಯೇ ನೋಡಿಕೊಳ್ಳುತ್ತದೆ. ತೊಡಕು ಶುರುವಾದದ್ದು ಟಗ್, ಅಂದರೆ ಸರಕು ಸಾಗಿಸುವ ನೌಕೆ, ಕಟ್ಟಿದ ಮೇಲೆ. ಮುನ್‌ಗೆ ಇಂಧನ ಒಯ್ದು, ಮರಳಿ ಬಂದು, 100 ಕಿ.ಮೀ. ಎತ್ತರದ ನಿಲ್ದಾಣಕ್ಕೆ ಜೋಡಿಕೊಳ್ಳಬೇಕಾದ ನೌಕೆ ಅದು. ಕವಚವಿಲ್ಲ, ಬರುವಾಗ ಟ್ಯಾಂಕಿನ ತಳದಲ್ಲಿ ಒಂದಿಷ್ಟು ಇಂಧನ ಮಾತ್ರ.

ಮುನ್‌ನಿಂದ ಬೀಳುವ ನೌಕೆ 70 ಕಿ.ಮೀ. ಎತ್ತರದಲ್ಲಿ ವಾತಾವರಣವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 3,160 ಮೀಟರ್ ವೇಗದಲ್ಲಿರುತ್ತದೆ. ಎಂಜಿನ್ ಉರಿಸಿಯೇ ನಿಲ್ದಾಣದ ಕಕ್ಷೆಗೆ ಬರುವುದಾದರೆ 840 ಮೀಟರ್‌ನಷ್ಟು ವೇಗ ಕಳೆಯಬೇಕು. ಒಂದೇ ಸುತ್ತಿನಲ್ಲಿ ಮುಗಿಸಿಬಿಡೋಣವೆಂದು ಪೆರಿಯಾಪ್ಸಿಸ್ ಅನ್ನು, ಅಂದರೆ ಕಕ್ಷೆಯಲ್ಲಿ ಗ್ರಹಕ್ಕೆ ಅತಿ ಹತ್ತಿರದ ತುದಿಯನ್ನು, 35 ಕಿ.ಮೀ.ಗೆ ಇಳಿಸಿದೆ. ಮೊದಲು ಸೌರ ಫಲಕಗಳು ಕಿತ್ತುಹೋದವು. ಹೊದಿಕೆಯಿಲ್ಲದ ಅಗ್ಗದ ಫಲಕ ಒಮ್ಮೆ ಬಿಚ್ಚಿದರೆ ಮತ್ತೆ ಮಡಚುವುದಿಲ್ಲವೆಂಬುದನ್ನು ಮರೆತಿದ್ದೆ. ಹಿಂದೆಯೇ ನೌಕೆ ಅಡ್ಡಡ್ಡ ತಿರುಗಿ ಟ್ಯಾಂಕ್ ಸಿಡಿಯಿತು. ಎಫ್9 ಕೀಲಿಯ ಪುಣ್ಯದಿಂದ ಆಟದಲ್ಲಿ ಮೊದಲೇ ಉಳಿಸಿಟ್ಟಿದ್ದ ಹಂತಕ್ಕೆ ಮರಳಿದೆ.

ಆಗ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಮೊದಲ ಸುತ್ತಿನಲ್ಲಿ 50 ಮೀಟರ್ ವೇಗ ಕಳೆದರೆ ಸಾಕು, 11,400 ಕಿ.ಮೀ.ಯಲ್ಲಿದ್ದ ಅಪೋಯಾಪ್ಸಿಸ್ (ಕಕ್ಷೆಯ ಅತಿ ದೂರದ ತುದಿ) 6,800ರ ಸುಮಾರಿಗೆ ಕುಸಿಯುತ್ತದೆ. ಅದೇ 1,000 ಕಿ.ಮೀ.ಯಿಂದ 100ಕ್ಕೆ ಇಳಿಯಲು ಬೇಕಾದದ್ದು 400 ಮೀಟರ್! ಎತ್ತರದ ಸುತ್ತುಗಳು ಅಗ್ಗ, ಕೊನೆಯವು ದುಬಾರಿ. ಜಪಾನಿನ ಹಿಟೆನ್ ನೌಕೆ 1991ರ ಮಾರ್ಚ್ 19ರಂದು ನಿಜವಾದ ಭೂಮಿಯ ಮೇಲೆ ಮಾಡಿದ್ದೂ ಇದನ್ನೇ. 125.5 ಕಿ.ಮೀ. ಎತ್ತರದ ತೆಳುಗಾಳಿಯಲ್ಲಿ ಹಾದು ಅದು ಕಳೆದುಕೊಂಡ ವೇಗ ಸೆಕೆಂಡಿಗೆ 1.7 ಮೀಟರ್ ಮಾತ್ರ, ಆದರೆ ಕಕ್ಷೆಯ ದೂರದ ತುದಿ 8,665 ಕಿ.ಮೀ. ಇಳಿಯಿತು.

ಎರಡನೆಯ ಸಲ ಪೆರಿಯಾಪ್ಸಿಸ್‌ಗೆ 48 ಕಿ.ಮೀ. ಹಿಡಿದೆ. ಈ ತಿದ್ದುಪಡಿಯನ್ನು ಮುನ್‌ನ ಸೆಳೆತದಿಂದ ಹೊರಬಿದ್ದ ಕೂಡಲೇ ಮಾಡಬೇಕು. ಅಲ್ಲಿ ಸೆಕೆಂಡಿಗೆ 1 ಮೀಟರ್ ವೇಗ ಬದಲಾದರೆ ಪೆರಿಯಾಪ್ಸಿಸ್ ಸುಮಾರು 7 ಕಿ.ಮೀ. ಸರಿಯುತ್ತದೆ. ಎಂಜಿನ್ನಿನ ಬಲವನ್ನು ನೂರಕ್ಕೆ ಐದಕ್ಕೆ ಇಳಿಸಿಕೊಳ್ಳದಿದ್ದರೆ ಗುರಿ ದಾಟಿಹೋಗುವುದು ಖಂಡಿತ. ನೌಕೆಯ ದಿಕ್ಕಿನದು ಇನ್ನೊಂದು ಪಾಠ. ಬರಿದಾದ ಟ್ಯಾಂಕಿನ ನೌಕೆಯಲ್ಲಿ ಭಾರವೆಲ್ಲ ಎಂಜಿನ್ ಕಡೆಗೇ ಇರುತ್ತದೆ, ಗಾಳಿಯಲ್ಲಿ ಭಾರದ ತುದಿಯೇ ಮುಂದಾಗಬಯಸುತ್ತದೆ. ಮೂತಿ ಮುಂದಿಟ್ಟು ಗುದ್ದಾಡಿದ್ದು ನನ್ನದೇ ಮೊಂಡುತನ. ಈ ಸಲ ಎಂಜಿನ್ ಮುಂದೆ ಮಾಡಿ ಬಿಟ್ಟೆ.

ಸುತ್ತು ಸುತ್ತಿಗೂ ಒಳಬರುವ ವೇಗ ತಗ್ಗುತ್ತ ಹೋದಂತೆ ಬಿಸಿಯೂ ತಗ್ಗಿತು. ಹಾಗಾಗಿ ಕೊನೆಯ ಮೂರು ಸುತ್ತುಗಳಲ್ಲಿ 44 ಕಿ.ಮೀ.ವರೆಗೆ ಧೈರ್ಯವಾಗಿ ಇಳಿದೆ. ಎಲ್ಲ ಸೇರಿ ಒಂಬತ್ತು ಸುತ್ತು. ಕೊನೆಯದರಲ್ಲಿ ಕಣ್ಣು ಪೂರ್ತಿ ಅಪೋಯಾಪ್ಸಿಸ್ ಅಂಕಿಯ ಮೇಲೆಯೇ: 160, 130, 112... ಗಾಳಿಯಿಂದ ಹೊರಬಿದ್ದಾಗ ಅದು 103ರಲ್ಲಿ ನಿಂತಿತ್ತು. ಅಲ್ಲಿಗೇರಿದ ಮೇಲೆ 50 ಮೀಟರ್‌ಗೂ ಕಡಿಮೆ ವೇಗ ಕೂಡಿಸಿ ಪೆರಿಯಾಪ್ಸಿಸ್ ಎತ್ತಿಕೊಂಡೆ. ನಿಲ್ದಾಣ ಮಾತ್ರ ಆ ಹೊತ್ತಿಗೆ ಗ್ರಹದ ಆಚೆ ಬದಿಯಲ್ಲಿತ್ತು. ಅದನ್ನು ಹಿಡಿಯಲು ಇನ್ನೊಂದು ಸಂಜೆ ಹೋಯಿತು.