ಗೋಡೆಯೇ ಹೇಳುವ ರಾಜಕೀಯ: ಪಂಜಾಬಿ ಕ್ಯಾಂಪಸ್ ಚಿತ್ರವೊಂದರ ಕಲಾವಿಭಾಗದಲ್ಲಿ

ಕ್ಯಾಂಪಸ್ ಚುನಾವಣೆಯ ಕಥೆಗೆ ಸೆಟ್ ಹಾಕುವವರು ಚಿತ್ರಕಥೆಯ ಜೊತೆಗೇ ಓದಬೇಕಾದ ಇನ್ನೊಂದು ಕಾಗದವಿದೆ. ಅದು 2006ರ ಲಿಂಗ್ಡೋ ಸಮಿತಿಯ ವರದಿ. ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಎಂದು ಅದು ಹೇಳುತ್ತದೆ: ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದನ್ನು ಮಾತ್ರ ಗೊತ್ತುಪಡಿಸಿದ ಜಾಗದಲ್ಲಿ ಅಂಟಿಸಬೇಕು. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತ ನಾನು ಪಂಜಾಬಿ ಚಿತ್ರವೊಂದಕ್ಕೆ ಸಹಾಯಕ ಕಲಾನಿರ್ದೇಶಕನಾಗಿ ಹೋದಾಗ, ಇಡೀ ಚಿತ್ರದ ನೋಟ ಹೇಗಿರಬೇಕೆಂದು ನನಗೆ ಹೊಳೆದದ್ದು ಈ ನಿಯಮಗಳಿಂದಲೇ. ಯಾರ ಪೋಸ್ಟರ್ ಕೈಬರಹದ್ದು, ಯಾರ ಸ್ಟಿಕ್ಕರ್ ಮಿರಮಿರ ಮಿಂಚುತ್ತದೆ, ಆ ಮಿಂಚಿಗೆ ದುಡ್ಡು ಕೊಟ್ಟವರು ಯಾರು? ಇಷ್ಟನ್ನು ಗೋಡೆ ಹೇಳಿಬಿಟ್ಟರೆ ಸಂಭಾಷಣೆಗೆ ಅರ್ಧ ಭಾರ ಕಡಿಮೆ.

ಕಥೆ ನಡೆಯುವುದು ಚಂಡೀಗಢದಲ್ಲಿ. ಪಂಜಾಬಿ ಕ್ಯಾಂಪಸ್ ಕಥೆಗಳು ಮತ್ತೆ ಮತ್ತೆ ಆ ಊರಿಗೇ ಹೋಗುವುದಕ್ಕೆ ಕಾರಣ ಇದೆ. ಉಗ್ರವಾದದ ದಿನಗಳಲ್ಲಿ, 1980ರ ದಶಕದಲ್ಲಿ, ಪಂಜಾಬಿನ ಕಾಲೇಜುಗಳಲ್ಲಿ ಚುನಾವಣೆ ನಿಂತುಹೋಯಿತು. ಆಮೇಲೆ ಎಷ್ಟೋ ಸರಕಾರಗಳು ಬಂದುಹೋದವು, ಚುನಾವಣೆ ಮಾತ್ರ ಮರಳಲಿಲ್ಲ. ಆದರೆ 1882ರಲ್ಲಿ ಲಾಹೋರಿನಲ್ಲಿ ಹುಟ್ಟಿ, ದೇಶ ಒಡೆದ ಮೇಲೆ ಚಂಡೀಗಢಕ್ಕೆ ಬಂದು ನೆಲೆಸಿದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಇಂದಿಗೂ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಈ ನಾಲ್ಕು ಸ್ಥಾನಗಳಿಗೆ ನೇರವಾಗಿ ಮತ ಹಾಕುತ್ತಾರೆ. ಕರ್ನಾಟಕದಲ್ಲೂ ದಶಕಗಳಿಂದ ಕಾಲೇಜು ಚುನಾವಣೆಗಳಿಲ್ಲ. ಹಾಗಾಗಿ ನನ್ನ ವಯಸ್ಸಿನ ಕನ್ನಡಿಗನಿಗೆ ಅದೊಂದು ಕೇಳಿ ಮಾತ್ರ ಗೊತ್ತಿದ್ದ ಲೋಕ. ಅದಕ್ಕೇ ಚಿತ್ರೀಕರಣಕ್ಕೆ ತಿಂಗಳುಗಳ ಮೊದಲೇ, ಸೆಪ್ಟೆಂಬರ್ ಚುನಾವಣೆಯ ವಾರದಲ್ಲಿ, ಕ್ಯಾಮೆರಾ ಮತ್ತು ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋದೆ.

ಕ್ಯಾಂಪಸ್ಸಿನ ನಡುವೆ, ಸುತ್ತಿ ಮೇಲೇರುವ ಇಳಿಜಾರು ದಾರಿಯ ದುಂಡನೆಯ ಸ್ಟೂಡೆಂಟ್ ಸೆಂಟರ್ ಇದೆ. ಹುಡುಗರು ‘ಸ್ಟೂ-ಸಿ’ ಅನ್ನುತ್ತಾರೆ. ಎಲ್ಲ ರಾಜಕೀಯ ಅದರ ಬುಡದಲ್ಲಿ. ಒಂದು ಗುಂಪು ಡಫ್ಲಿ ಎಂಬ ಕೈವಾದ್ಯ ಬಡಿಯುತ್ತಾ ಹಾಡುತ್ತದೆ. ಪಕ್ಕದಲ್ಲೇ ಇನ್ನೊಂದು ಗುಂಪಿನ ಹುಡುಗರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ನಾಯಕನನ್ನು ಹೆಗಲ ಮೇಲೆ ಎತ್ತುತ್ತಾರೆ. ಹೊರಗೆ ರಸ್ತೆಯಲ್ಲಿ ತೆರೆದ ಜೀಪುಗಳಿಂದ ಅಭ್ಯರ್ಥಿಯ ಹೆಸರಿನ ಚೀಟಿಗಳನ್ನು ಹಿಡಿಹಿಡಿಯಾಗಿ ತೂರುತ್ತಾರೆ. ಮಳೆ ಬಂದರೆ ಚೀಟಿಗಳು ಡಾಂಬರಿಗೆ ಕಚ್ಚಿಕೊಳ್ಳುತ್ತವೆ, ಕೈಬರಹದ ಪೋಸ್ಟರಿನ ಕೆಂಪು ಬಣ್ಣ ಗೋಡೆಯುದ್ದಕ್ಕೂ ಇಳಿಯುತ್ತದೆ. ನಾನು ಅತಿ ಹೆಚ್ಚು ಫೋಟೋ ತೆಗೆದದ್ದು ಇವನ್ನೇ. ಮುಖಗಳಿಗಿಂತ ನೆಲ ಮತ್ತು ಗೋಡೆ ನನಗೆ ಮುಖ್ಯವಾಗಿತ್ತು.

ಚಿತ್ರೀಕರಣಕ್ಕೆ ಸಿಕ್ಕಿದ್ದು ಚಂಡೀಗಢದ ಹೊರಗಿನ ಒಂದು ಖಾಸಗಿ ಕಾಲೇಜು. ಅದನ್ನು ಕಥೆಯ ವಿಶ್ವವಿದ್ಯಾಲಯವನ್ನಾಗಿ ಮಾಡಬೇಕಿತ್ತು. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಇತಿಹಾಸವಿರುವುದಿಲ್ಲ, ಅದನ್ನು ಪದರಪದರವಾಗಿ ಹಾಕಬೇಕು. ಮೊದಲು ಹಳೆಯ ಪಂಜಾಬಿ ಪತ್ರಿಕೆಗಳನ್ನು ಮೈದಾ ಅಂಟಿನಿಂದ ಹಚ್ಚಿ, ಅದರ ಮೇಲೆ ‘ಹೋದ ವರ್ಷದ’ ಪೋಸ್ಟರ್‌ಗಳನ್ನು ಹಾಕಿ, ಪೂರ್ತಿ ಒಣಗುವ ಮುಂಚೆ ಮೂಲೆ ಹಿಡಿದು ಸೀಳುತ್ತಿದ್ದೆವು. ಅರ್ಧ ಹೆಸರು, ಅರ್ಧ ಮುಷ್ಟಿ, ಒಂದು ಕಣ್ಣು ಉಳಿಯುತ್ತಿತ್ತು. ಚಹಾ ಡಿಕಾಕ್ಷನ್ ಚಿಮುಕಿಸಿ, ಒದ್ದೆ ಸ್ಪಂಜಿನಿಂದ ಮೇಲಿಂದ ಕೆಳಗೆ ಒತ್ತಿ ಎಳೆದರೆ ಮಳೆಗಾಲ ಬಂದುಹೋದ ಹಾಗೆ ಕಾಣುತ್ತದೆ. ಈ ವರ್ಷದ ಪೋಸ್ಟರ್ ಇದೆಲ್ಲದರ ಮೇಲೆ.

ಬರವಣಿಗೆ ಪಂಜಾಬಿಯ ಲಿಪಿಯಾದ ಗುರ್ಮುಖಿಯಲ್ಲಿ. ಅಕ್ಷರಗಳನ್ನು ನಾನು ಕಲಿತೆ. ಅಗಲ ಕುಂಚ ಹಿಡಿದು ಕನ್ನಡ ಬರೆದ ಕೈ ನನ್ನದು, ಅಕ್ಷರಕ್ಕೊಂದು ತಲೆಕಟ್ಟು ಹಾಕಿ ದುಂಡಗೆ ಸುತ್ತಿ ಮುಗಿಸುವುದು ಅದರ ರೂಢಿ. ಗುರ್ಮುಖಿಯಲ್ಲಿ ಪದದ ಉದ್ದಕ್ಕೂ ಒಂದೇ ಗೆರೆ ಹರಿದು ಅಕ್ಷರಗಳು ಅದರಿಂದ ಕೆಳಗೆ ಇಳಿಯುತ್ತವೆ. ಅಭ್ಯಾಸದಿಂದ ಬರವಣಿಗೆ ಚೆನ್ನಾಗಿಯೇ ಬಂತು, ಆದರೂ ಕಥೆಯಲ್ಲಿ ಬರುವ ಎಡಪಂಥೀಯ ವಿದ್ಯಾರ್ಥಿ ಗುಂಪಿನ ಪೋಸ್ಟರ್‌ಗಳನ್ನು ನಾನು ಬರೆಯಲಿಲ್ಲ. ನಿಜವಾದ ಚುನಾವಣೆಗಳಲ್ಲಿ ಪೋಸ್ಟರ್ ಬರೆದಿದ್ದ ವಿದ್ಯಾರ್ಥಿಗಳನ್ನೇ ಸಂಬಳ ಕೊಟ್ಟು ಕರೆಸಿದೆವು. ಅವರಲ್ಲಿ ಒಬ್ಬಳು ಪತ್ರಿಕೆಯ ಹಾಳೆಯ ಮೇಲೆಯೇ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದಳು, ಚಾರ್ಟ್ ಕಾಗದಕ್ಕೆ ದುಡ್ಡು ಸಾಲದ ದಿನಗಳ ರೂಢಿಯಂತೆ. ಆ ಅವಸರದ ಕೈಬರಹವನ್ನು ಕಲಾವಿದರು ಅನುಕರಿಸಿದರೆ ತಕ್ಷಣ ಸಿಕ್ಕಿಬೀಳುತ್ತಾರೆ. ಎದುರಾಳಿ ಗುಂಪಿನ ಸ್ಟಿಕ್ಕರ್‌ಗಳನ್ನು ಮಾತ್ರ ಲೂಧಿಯಾನಾದಲ್ಲಿ ಅಚ್ಚು ಹಾಕಿಸಿದೆವು, ಬಂಗಾರದ ಅಂಚಿನೊಂದಿಗೆ.

ಭಗತ್ ಸಿಂಗ್ ಭಾವಚಿತ್ರದ ಬಗ್ಗೆ ನಿರ್ದೇಶಕರೊಂದಿಗೆ ಬಹಳ ಹೊತ್ತು ಕುಳಿತು ಮಾತಾಡಿದೆ. ಪಂಜಾಬಿನ ಪ್ರತಿ ಗುಂಪಿಗೂ ಅವನು ಬೇಕು. ಆದರೆ ಯಾವ ಭಗತ್ ಸಿಂಗ್? ಹ್ಯಾಟ್ ಹಾಕಿದ ಚಿತ್ರ 1929ರಲ್ಲಿ, ಅಸೆಂಬ್ಲಿಯಲ್ಲಿ ಬಾಂಬ್ ಎಸೆಯುವುದಕ್ಕೆ ಕೆಲವೇ ದಿನ ಮೊದಲು, ದೆಹಲಿಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಹಳದಿ ಪಗಡಿಯ, ಮೀಸೆ ತಿರುವುವ ಭಗತ್ ಸಿಂಗ್ ಚಿತ್ರಕಾರರ ಕಲ್ಪನೆಯಿಂದ ಬಂದವನು, ಕಾರಿನ ಹಿಂದಿನ ಗಾಜಿನ ಮೇಲೆ ಕಾಣುವುದು ಅವನೇ. ನಾವು ಹ್ಯಾಟಿನವನನ್ನು ಹಾಸ್ಟೆಲಿನ ಓದುಕೋಣೆಗೆ, ಪಗಡಿಯವನನ್ನು ಜೀಪಿಗೆ ಹಾಕಿದೆವು. ವಿದ್ಯಾರ್ಥಿಗಳು ರಾಜಕೀಯದಲ್ಲಿ ತೊಡಗಬೇಕೇ ಎಂಬ ಪ್ರಶ್ನೆಗೆ ಅವನು 1928ರಲ್ಲೇ ‘ಕಿರ್ತಿ’ ಪತ್ರಿಕೆಯಲ್ಲಿ ಲೇಖನ ಬರೆದಿದ್ದಾನೆ. ನಾಯಕಿಯ ಮೇಜಿನ ಮೇಲೆ ಅದರ ನೆರಳಚ್ಚು ಪ್ರತಿ ಇಟ್ಟೆ. ತೆರೆಯ ಮೇಲೆ ಅದನ್ನು ಯಾರೂ ಓದಲಾರರು. ನಟಿ ಓದಿದರು, ಅಷ್ಟೇ ನನಗೆ ಬೇಕಾಗಿತ್ತು.

ಆ ನಾಯಕಿ ಪೂರ್ತಿ ಕಲ್ಪನೆಯೇನಲ್ಲ. 2018ರಲ್ಲಿ ಸ್ಟೂಡೆಂಟ್ಸ್ ಫಾರ್ ಸೊಸೈಟಿ ಸಂಘಟನೆಯ ಕನುಪ್ರಿಯಾ ಪಂಜಾಬ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪರಿಷತ್ತಿನ ಮೊದಲ ಮಹಿಳಾ ಅಧ್ಯಕ್ಷೆಯಾದಳು. ಆ ವರ್ಷವೇ ಹಾಸ್ಟೆಲ್ ಹುಡುಗಿಯರು ರಾತ್ರಿಯ ನಿರ್ಬಂಧದ ವಿರುದ್ಧ ಧರಣಿ ಕೂತು ಗೆದ್ದರು. ಅದಕ್ಕೂ ಹಿಂದೆ, 2017ರ ಏಪ್ರಿಲ್‌ನಲ್ಲಿ, ಶುಲ್ಕ ಏರಿಕೆಯ ವಿರುದ್ಧ ಪ್ರತಿಭಟಿಸಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಲಾಠಿ ಬೀಸಿ, ನೀರು ಹಾರಿಸಿದರು. ನಮ್ಮ ಪ್ರತಿಭಟನೆಯ ದೃಶ್ಯಕ್ಕೆ ಆಗಿನ ಪತ್ರಿಕಾ ಚಿತ್ರಗಳೇ ಆಧಾರ. ಗುಂಪು ಚದುರಿದ ಮೇಲೆ ರಸ್ತೆಯಲ್ಲಿ ಬಿದ್ದಿರಬೇಕಾದವು ಯಾವುವು ಎಂದು ಪಟ್ಟಿ ಮಾಡಿದೆ: ಚಪ್ಪಲಿ, ಪುಸ್ತಕದ ಚೀಲ, ಒದ್ದೆಯಾದ ದುಪಟ್ಟಾ, ತುಳಿದ ಡಫ್ಲಿ. ಮಾಮೂಲಿಯಾಗಿ ಹಾಕುವ ಕಲ್ಲು ಇಟ್ಟಿಗೆ ಬೇಡ ಎಂದು ಹಟ ಹಿಡಿದೆ.

ಪಗಡಿಗಳದು ವಸ್ತ್ರವಿಭಾಗದ ಕೆಲಸ, ಆದರೂ ಒಂದು ದೃಶ್ಯ ನಮ್ಮ ಕಡೆಯಿಂದ ಹುಟ್ಟಿತು. ಐದಾರು ಮೀಟರ್ ಬಟ್ಟೆಯನ್ನು ಕಟ್ಟುವ ಮೊದಲು ಇಬ್ಬರು ಎರಡು ತುದಿ ಹಿಡಿದು, ಎಳೆದು, ಮಡಿಕೆ ಹಾಕುತ್ತಾರೆ. ಅದಕ್ಕೆ ಪೂಣಿ ಎನ್ನುತ್ತಾರೆ. ಹಾಸ್ಟೆಲಿನ ಓಣಿ ಅದಕ್ಕೆ ಬೇಕಾದಷ್ಟು ಉದ್ದ ಇರಲೆಂದು ನಡುವಿನ ಒಂದು ತಡಿಕೆ ತೆಗೆಸಿದೆ. ಜಗಳವಾಡಿ ಮಾತು ಬಿಟ್ಟ ಇಬ್ಬರು ಗೆಳೆಯರು ಚುನಾವಣೆಯ ಬೆಳಿಗ್ಗೆ ಬಟ್ಟೆಯ ಎರಡು ತುದಿಗಳಲ್ಲಿ ನಿಲ್ಲುತ್ತಾರೆ. ಅಲ್ಲಿ ಸಂಭಾಷಣೆ ಇಲ್ಲ.

ಕಥೆಯ ಕಾಲ ಸೆಪ್ಟೆಂಬರ್, ಚಿತ್ರೀಕರಣ ಡಿಸೆಂಬರ್. ಮಂಜು ಹರಿಯುವುದು ಮಧ್ಯಾಹ್ನದ ಹೊತ್ತಿಗೆ. ನಟರು ತೆಳ್ಳನೆ ಅಂಗಿಯಲ್ಲಿ ಭಾಷಣ ಮಾಡಿದರೆ ಬಾಯಿಂದ ಹಬೆ ಬರುತ್ತಿತ್ತು, ಹಾಗಾಗಿ ಹೊರಾಂಗಣ ದೃಶ್ಯಗಳಿಗೆ ದಿನದಲ್ಲಿ ಎರಡು ಮೂರು ತಾಸು ಮಾತ್ರ. ಪ್ರತಿ ಟೇಕ್ ಆದಮೇಲೆ ತೂರಿದ ಚೀಟಿಗಳನ್ನು ಗುಡಿಸಿ ಮತ್ತೆ ಜೀಪಿಗೆ ತುಂಬಬೇಕಿತ್ತು.

ಬಂದೂಕಿನ ಪ್ರಶ್ನೆ ಬಂದೇ ಬರುತ್ತದೆ. ಕ್ಯಾಂಪಸ್ ರಾಜಕೀಯದಿಂದ ಗ್ಯಾಂಗುಗಳಿಗೆ ಹೋದವರ ಸುದ್ದಿ ಪಂಜಾಬಿನಲ್ಲಿ ಎಲ್ಲರಿಗೂ ಗೊತ್ತು. ಹಾಡು, ಸಿನಿಮಾಗಳು ಅದನ್ನು ಮೆರೆಸಿದ್ದೂ ಉಂಟು. ಮದ್ಯ, ಮಾದಕವಸ್ತು, ಹಿಂಸೆಯನ್ನು ವೈಭವೀಕರಿಸುವ ಹಾಡುಗಳಿಗೆ ಕಡಿವಾಣ ಹಾಕಲು 2019ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಪೊಲೀಸರಿಗೆ ಹೇಳಬೇಕಾಯಿತು. ನಾಯಕನ ಕೋಣೆಯ ಗೋಡೆಗೆ ಬಂದೂಕಿನ ಪೋಸ್ಟರ್ ಬೇಕೆಂದು ನಿರ್ಮಾಪಕರ ಕಡೆಯವರು ಕೇಳಿದರು. ನಾನು ಹಾಕಲಿಲ್ಲ. ಇಪ್ಪತ್ತರ ಹುಡುಗ ಆ ಗೋಡೆಯನ್ನು ನೋಡಿ ತನ್ನ ಕೋಣೆಗೂ ಅದನ್ನೇ ತರುತ್ತಾನೆ. ಸಿನಿಮಾದ ಕಲಾವಿಭಾಗಕ್ಕೆ ಆ ಹೊಣೆ ಇದೆ ಎಂದು ನಾನು ನಂಬುತ್ತೇನೆ.

ನನ್ನ ಮಟ್ಟಿಗೆ ಆ ಚಿತ್ರದ ಅತಿ ಮುಖ್ಯವಾದ ಗೋಡೆ ಕಾಲೇಜಿನ ಒಳಗಿನದಲ್ಲ, ಗೇಟಿನ ಎದುರಿನದು. ಪಂಜಾಬಿನ ಯಾವ ಸಣ್ಣ ಪಟ್ಟಣಕ್ಕೆ ಹೋದರೂ ಕಣ್ಣಿಗೆ ಮೊದಲು ಬೀಳುವುದು ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ತರಬೇತಿ ಫಲಕಗಳು, ಕೆನಡಾ ವೀಸಾದ ಜಾಹೀರಾತುಗಳು. ಜಲಂಧರ್ ಕಡೆಯ ಹಳ್ಳಿಗಳಲ್ಲಿ ಮನೆಯ ಮೇಲಿನ ನೀರಿನ ಟ್ಯಾಂಕನ್ನೇ ವಿಮಾನದ ಆಕಾರದಲ್ಲಿ ಕಟ್ಟಿಸಿದವರಿದ್ದಾರೆ. ವಿದ್ಯಾರ್ಥಿ ನಾಯಕನ ನಿಜವಾದ ಎದುರಾಳಿ ಇನ್ನೊಂದು ಪಕ್ಷವಲ್ಲ, ಈ ಫಲಕ; ಏಕೆಂದರೆ ಅವನ ಮತದಾರರೇ ಊರು ಬಿಡುವ ತಯಾರಿಯಲ್ಲಿದ್ದಾರೆ. ಅದಕ್ಕೇ ಎಡಗುಂಪಿನ ಹುಡುಗಿಯ ಗೆಳತಿಯ ಕಪಾಟಿನಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನೂ ಜಮೀನಿನ ಕಾಗದದ ಪ್ರತಿಯನ್ನೂ ಇಟ್ಟೆ. ಗೇಟಿನ ಎದುರಿನ ಅಂಗಡಿಸಾಲಿಗೆ ಮೇಲಿಂದ ಕೆಳಗಿನವರೆಗೆ ನೀಲಿ ಹಳದಿ ಫ್ಲೆಕ್ಸ್ ಹಾಕಿಸಿದೆ. ಎಲ್ಲ ಕಲ್ಪಿತ ಹೆಸರುಗಳು. ನಾಯಕಿ ಗೇಟಿನ ಬಳಿ ಸ್ಟೂಲಿನ ಮೇಲೆ ನಿಂತು ಮಾತಾಡುವಾಗ ಹಿಂದೆ ಅವೇ ಕಾಣುತ್ತವೆ. ಗಮನ ಚೆದುರುತ್ತದೆ, ಹಿನ್ನೆಲೆಯನ್ನು ಮಸುಕು ಮಾಡೋಣ ಎಂದು ಛಾಯಾಗ್ರಾಹಕರು ಹೇಳಿದರು. ನಾನು ಆ ಊರುಗಳ ರಸ್ತೆಗಳ ಫೋಟೋಗಳನ್ನೆಲ್ಲ ಅವರ ಮುಂದೆ ಹರಡಿದೆ. ಅವರು ಸುಮಾರು ಹೊತ್ತು ನೋಡಿ ಲೆನ್ಸ್ ಬದಲಿಸಿದರು. ಆ ಭಾಷಣವಿಡೀ ಹುಡುಗಿಯ ಮುಖದಷ್ಟೇ ಸ್ಪಷ್ಟವಾಗಿ ‘ಕೆನಡಾ’ ಎಂಬ ಅಕ್ಷರಗಳೂ ಕಾಣುತ್ತವೆ.