ಆಯಿಯ ಇಳಕಲ್ ಸೀರೆಗಳನ್ನು ನಾನು ಉಡಲು ಕಲಿತದ್ದು

ನನ್ನ ಆಯಿ, ಅಂದರೆ ಅಜ್ಜಿ, ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿದ್ದ ಸೀರೆಗಳನ್ನು ಮನೆಯ ಹೆಣ್ಣುಮಕ್ಕಳೆಲ್ಲ ಹಂಚಿಕೊಂಡಾಗ ನನ್ನ ಪಾಲಿಗೆ ನಾಲ್ಕು ಇಳಕಲ್ ಸೀರೆಗಳು ಬಂದವು: ದಾಳಿಂಬೆ ಕೆಂಪಿನದೊಂದು, ನವಿಲುಗೊರಳಿನ ಬಣ್ಣದ್ದೊಂದು, ಗಿಳಿ ಹಸಿರಿನದೊಂದು, ಕೆಂಪು ಅಂಚಿನ ಕಪ್ಪು ಚಂದ್ರಕಾಳಿಯೊಂದು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ವಾರದ ಐದು ದಿನವೂ ಕುರ್ತಾ ಹಾಕಿಕೊಂಡು ಓಡಾಡುತ್ತಿದ್ದೆ. ಸೀರೆಗಳನ್ನು ಚೀಲದಲ್ಲಿ ಸುತ್ತಿಕೊಂಡು ಬಂದು ಕಪಾಟಿನ ಮೇಲಿನ ಅರೆಯಲ್ಲಿಟ್ಟೆ. ಒಂದು ವರ್ಷ ಅವುಗಳನ್ನು ಮುಟ್ಟಲಿಲ್ಲ.

ಮುಟ್ಟದಿರಲು ಕಾರಣ ಉಡಲು ಬಾರದಿರುವುದಷ್ಟೇ ಆಗಿರಲಿಲ್ಲ, ಬಣ್ಣವೂ ಆಗಿತ್ತು. ನಾನು ಎಣ್ಣೆಗಪ್ಪು ಮೈಬಣ್ಣದವಳು. ಚಿಕ್ಕಂದಿನಿಂದಲೂ ಬಟ್ಟೆ ಅಂಗಡಿಯಲ್ಲಿ ಯಾರಾದರೊಬ್ಬರು, "ತಿಳಿ ಬಣ್ಣಾ ತೊಗೊ, ಮುಖ ಬೆಳ್ಳಗ ಕಾಣತೈತಿ" ಎಂದು ಹೇಳುತ್ತಲೇ ಬಂದಿದ್ದರಿಂದ ನನ್ನ ಕಪಾಟು ತಿಳಿ ಗುಲಾಬಿ, ಹಾಲುಬಿಳಿ, ಬೂದುಬಣ್ಣಗಳಿಂದ ತುಂಬಿತ್ತು. ಒಂದು ಸಂಕ್ರಾಂತಿಯಂದು ಬೇರೇನೂ ತೊಳೆದಿಲ್ಲವೆಂಬ ಕಾರಣಕ್ಕೆ ಚಂದ್ರಕಾಳಿಯನ್ನು ಹೇಗೋ ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತಾಗ, ಇಷ್ಟು ದಿನ ನನಗೆ ಯಾರೂ ಸರಿಯಾದ ಸಲಹೆ ಕೊಟ್ಟೇ ಇರಲಿಲ್ಲವೆಂಬುದು ಮನಸ್ಸಿಗೆ ಬಂತು. ತಿಳಿ ಬಣ್ಣಗಳ ನಡುವೆ ಬಾಡಿದಂತೆ ಕಾಣುತ್ತಿದ್ದ ಮುಖ ಕಪ್ಪು ಮತ್ತು ಕೆಂಪಿನ ನಡುವೆ ಎದ್ದು ಕಾಣುತ್ತಿತ್ತು. ಬಾಗಲಕೋಟೆ ಜಿಲ್ಲೆಯ ಬಿಸಿಲಿನಲ್ಲಿ ಹೊಲಕ್ಕೆ, ಸಂತೆಗೆ ಹೋಗಿ ಬರುವ ಹೆಂಗಸರ ಮೈಬಣ್ಣವನ್ನು ನೋಡಿಯೇ ಬಣ್ಣಗಾರರು ಈ ಕೆಂಪನ್ನೂ ಹಸಿರನ್ನೂ ಆರಿಸಿದ್ದಾರೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಇದಕ್ಕೆ ಪುರಾವೆ ಇಲ್ಲ, ಕನ್ನಡಿಯಷ್ಟೇ ಸಾಕ್ಷಿ.

ಉಡುವ ವಿಷಯದಲ್ಲಿ ನಾನು ಮಾಡಿದ ಮೊದಲ ತಪ್ಪು ಸೆರಗಿನದು. ಆಫೀಸಿಗೆ ಸೀರೆ ಉಡುವವರೆಲ್ಲ ಮಾಡುವಂತೆ ನಾನೂ ಸೆರಗನ್ನು ಸಣ್ಣ ಸಣ್ಣ ನೆರಿಗೆಯಾಗಿ ಮಡಚಿ ಭುಜಕ್ಕೆ ಪಿನ್ನು ಚುಚ್ಚಿಕೊಂಡೆ. ಇಳಕಲ್ ಸೀರೆಯ ಸೊಬಗೆಲ್ಲ ಇರುವುದು ಆ ತೋಪ ತೆನೆಯ ಸೆರಗಿನಲ್ಲಿ. ಕೆಂಪು ರೇಷ್ಮೆಯ ಪಟ್ಟಿಗಳ ನಡುವೆ ಬಿಳಿ ಎಳೆ ಹಲ್ಲು ಹಲ್ಲಾಗಿ ಒಳನುಗ್ಗಿರುತ್ತದೆ. ಅದರಲ್ಲಿ ಕೆಲವರಿಗೆ ಹಣಿಗೆಯ ಹಲ್ಲು ಕಾಣುತ್ತದೆ, ಕೆಲವರಿಗೆ ಕೋಟೆಯ ತೆನೆ, ನನ್ನ ಆಯಿಗೆ ಜೋಳದ ತೆನೆ. ನೆರಿಗೆ ಹಾಕಿ ಪಿನ್ನು ಚುಚ್ಚಿದರೆ ಇದಾವುದೂ ಉಳಿಯದೆ ಬೆನ್ನ ಮೇಲೆ ಒಂದು ಕೆಂಪು ದಾರದ ಕಟ್ಟು ಜೋತು ಬಿದ್ದಂತಾಗುತ್ತದೆ. ಆಯಿ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಬಲಭುಜದ ಮೇಲಿನಿಂದ ಮುಂದಕ್ಕೆ ತರುತ್ತಿದ್ದಳು; ಹಾಗಾಗಿ ಹಲ್ಲಿನ ಸಾಲು ಪೂರ್ತಿ ಎದೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ತಲೆಯ ಮೇಲೆ ಹೊದೆಯುವುದು ನನಗೆ ಬೇಕಿರಲಿಲ್ಲ. ಬಿಚ್ಚು ಸೆರಗನ್ನು ಎಡಗೈ ಮೇಲೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೆಲಸ ಮಾಡುವುದಂತೂ ಆಗದ ಮಾತು. ಕೊನೆಗೆ ನಾನು ಕಂಡುಕೊಂಡ ದಾರಿಯೆಂದರೆ ಭುಜದ ಮೇಲೆ ಕೇವಲ ಮೂರು ಅಗಲವಾದ ನೆರಿಗೆ ಹಾಕಿ ಪಿನ್ನು ಚುಚ್ಚಿ, ಬೆನ್ನ ಮೇಲಿಂದ ಇಳಿದ ಸೆರಗಿನ ಒಂದು ತುದಿಯನ್ನು ಬಲಸೊಂಟದ ಕೆಳಗಿನಿಂದ ಮುಂದಕ್ಕೆ ತಂದು ಎಡಸೊಂಟಕ್ಕೆ ಸಿಕ್ಕಿಸುವುದು. ಸೆರಗಿನ ಹಲ್ಲು ಹೊಟ್ಟೆಯ ಮೇಲೆ ಓರೆಯಾಗಿ ಬಂದು ನಿಲ್ಲುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ, ಸ್ಕೂಟರ್ ಚಕ್ರಕ್ಕೆ ಸೆರಗು ಸಿಕ್ಕೀತೆಂಬ ಭಯವೂ ಇರುವುದಿಲ್ಲ. ಇದಕ್ಕೆ ಸೆರಗು ಮಾಮೂಲಿಗಿಂತ ಒಂದು ಮೊಳ ಹೆಚ್ಚು ಉದ್ದ ಬಿಟ್ಟುಕೊಳ್ಳಬೇಕು, ಅಂದರೆ ಮುಂದಿನ ನೆರಿಗೆಯಲ್ಲಿ ಎರಡನ್ನು ಕಡಿಮೆ ಮಾಡಬೇಕು.

ನಾಲ್ಕರಲ್ಲಿ ಕೆಂಪು ಸೀರೆ ಒಂಬತ್ತು ಗಜದ್ದು, ಕಚ್ಚೆ ಹಾಕಿ ಉಡುವಂಥದ್ದು. ಕತ್ತರಿಸಿ ಆರು ಗಜ ಮಾಡಿಕೊ ಎಂದು ಅವ್ವ ಹೇಳಿದಳು. ನಾನು ಕತ್ತರಿಸಲಿಲ್ಲ. ಅದೊಂದನ್ನು ಊರಿಗೆ ಹೋದಾಗ ಮಾತ್ರ, ಅವ್ವನ ಕೈಯಿಂದಲೇ ಕಚ್ಚೆ ಹಾಕಿಸಿಕೊಂಡು ಉಡುತ್ತೇನೆ.

ಫಾಲ್ ಹಚ್ಚಿಸುವುದರಲ್ಲೂ ಒಂದು ಪಾಠವಾಯಿತು. ಆಯಿಯ ಕಾಲದ ಸೀರೆಗಳಿಗೆ ಫಾಲ್ ಇರಲಿಲ್ಲ. ಹಸಿರು ಸೀರೆಯ ಕೆಳ ಅಂಚು ಚಪ್ಪಲಿಗೆ ತಾಗಿ ಸವೆಯುತ್ತಿದ್ದುದರಿಂದ ಹತ್ತಿರದ ಅಂಗಡಿಯೊಂದರಲ್ಲಿ ಹತ್ತಿಯ ಫಾಲ್ ಹಚ್ಚಿಸಿದೆ. ಮೊದಲ ಸಲ ಒಗೆದು ಒಣಗಿಸಿದಾಗ ಫಾಲ್ ಎಳೆದುಕೊಂಡು, ನಾಲ್ಕು ಬೆರಳಗಲದ ಅಂಚು ಹಪ್ಪಳದಂತೆ ಮುದುರಿ ನಿಂತಿತ್ತು. ಹೊಲಿಗೆ ಬಿಚ್ಚಿ, ಹೊಸ ಫಾಲ್ ತಂದು, ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ ಮೇಲೆ ನಾನೇ ಕೈಹೊಲಿಗೆ ಹಾಕಿದೆ. ಅಂದಿನಿಂದ ನೆನೆಸದ ಫಾಲನ್ನು ಯಾವ ಸೀರೆಗೂ ಹಚ್ಚಿಸಿಲ್ಲ.

ಒಗೆಯುವುದಕ್ಕೆ ಹೆದರಬೇಕಾದದ್ದು ಸೆರಗಿನ ಕೆಂಪಿಗೆ. ನನ್ನ ಹಸಿರು ಸೀರೆಯ ಒಡಲಿನ ಮೇಲೆ ಸೆರಗಿನ ಬಣ್ಣ ಇಳಿದ ಮಸುಕು ಗುರುತೊಂದು ಇವತ್ತಿಗೂ ಇದೆ. ಒಗೆದು ಹಿಂಡಿ, ಮುದ್ದೆ ಮಾಡಿ ಬಕೆಟಿನಲ್ಲಿ ಬಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತದ್ದರ ಫಲ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಂಬಿ ನಾನು ಅದನ್ನೂ ಮಾಡಿದ್ದೆ, ಪ್ರಯೋಜನವಾಗಲಿಲ್ಲ. ಈಗ ತಣ್ಣೀರಿನಲ್ಲಿ ಒಡಲನ್ನು ಬೇರೆ, ಸೆರಗನ್ನು ಬೇರೆ ಅದ್ದಿ, ಹಿಂಡದೆ ನೀರು ಸೋರಲು ಬಿಟ್ಟು, ಸೆರಗು ಒಡಲಿಗೆ ತಾಗದಂತೆ ನೆರಳಿನಲ್ಲಿ ಹರವುತ್ತೇನೆ. ಸೆರಗಿನಲ್ಲಿ ಅಸಲಿ ರೇಷ್ಮೆಯ ಬದಲು ನಕಲಿ ರೇಷ್ಮೆ (ರೇಯಾನ್) ಇದ್ದರೆ ಅದರ ಎಳೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ತಿರುಚಿ ಹಿಂಡುವುದನ್ನು ಪೂರ್ತಿ ಬಿಡಬೇಕು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಮಡಿಕೆಯ ಗೆರೆಯಲ್ಲೇ ಬಟ್ಟೆ ಸೀಳುತ್ತದೆ. ಚಂದ್ರಕಾಳಿಯ ನಡುಭಾಗದಲ್ಲಿ ಅಂಥ ಸೀಳು ನಾನು ತರುವ ಹೊತ್ತಿಗೇ ಇತ್ತು.

ನಾಲ್ಕು ಸೀರೆಗಳ ಚಟ ಹತ್ತಿದ ಮೇಲೆ ಐದನೆಯದನ್ನು ಕೊಳ್ಳುವ ಆಸೆ ಬಂತು. ಬೆಂಗಳೂರಿನ ಅಂಗಡಿಯೊಂದರಲ್ಲಿ 900 ರೂಪಾಯಿಗೆ ಸಿಕ್ಕ ಸೀರೆಯನ್ನು ಕೈಮಗ್ಗದ್ದೆಂದು ನಂಬಿ ತಂದೆ. ರಜೆಗೆ ಹೋದಾಗ ಇಳಕಲ್ಲಿನಲ್ಲಿ ನೇಕಾರರೊಬ್ಬರ ಮನೆಗೆ ಹೋಗಿ ತೋರಿಸಿದೆ. ಅವರು ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದವರು ಲಾಳಿಯನ್ನು ಪಕ್ಕಕ್ಕಿಟ್ಟು, ಸೀರೆಯನ್ನು ಪೂರ್ತಿ ಬಿಚ್ಚದೆ ಸೆರಗು ಮತ್ತು ಒಡಲು ಸೇರುವ ಜಾಗವನ್ನಷ್ಟೇ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರು. "ಮಷೀನಿಂದ ಐತಿ ತಂಗಿ. ಕಣ್ಣಿಲೆ ನೋಡಬ್ಯಾಡ, ಬಟ್ಟಿಲೆ ಮುಟ್ಟಿ ನೋಡು" ಎಂದು ತಮ್ಮ ಮಗ್ಗದ ಮೇಲಿನ ಸೀರೆಯನ್ನು ನನ್ನ ಕೈಗೆ ತಾಗಿಸಿದರು.

ಬೆರಳಿಗೆ ಸಿಕ್ಕದ್ದು ಸಾಲಾಗಿ ಪೋಣಿಸಿದ ಸಾಸಿವೆಯಂಥ ಒಂದು ಏಣು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ, ಆ ಕುಣಿಕೆಗಳ ಸಾಲೇ ಆ ಏಣು. ಹೀಗೆ ಕೂಡಿಸಬೇಕಾದ್ದರಿಂದ ಬೇರೆ ಸೀರೆಗಳಂತೆ ಒಂದೇ ಉದ್ದ ಹಾಸಿನಲ್ಲಿ ಹತ್ತಾರು ಸೀರೆ ನೇಯ್ದು ಕತ್ತರಿಸಲು ಬರುವುದಿಲ್ಲ, ಪ್ರತಿ ಸೀರೆಗೂ ಹೊಸ ಹಾಸು ಹೂಡಬೇಕು. ಅಂಚಿನ ಬಣ್ಣ ಒಡಲಿನೊಳಗೆ ಸೋರದಂತೆ ಎರಡು ಅಂಚಿಗೆ ಎರಡು, ಒಡಲಿಗೆ ಒಂದು, ಹೀಗೆ ಮೂರು ಲಾಳಿಗಳಲ್ಲಿ ಹೊಕ್ಕನ್ನು (ಅಡ್ಡ ಎಳೆಯನ್ನು) ಕೊಂಡಿ ಹಾಕುತ್ತ ನೇಯುವುದನ್ನೂ ಅಂದೇ ನೋಡಿದೆ. ಅಷ್ಟು ಕೆಲಸಕ್ಕೆ 900 ರೂಪಾಯಿ ಯಾವ ಲೆಕ್ಕಕ್ಕೂ ಕೂಡದು ಎಂದು ಆಗ ಹೊಳೆಯಿತು. ನಾಚಿಕೆಯಾಗಿ ಅವರಲ್ಲಿಯೇ ಚಿಕ್ಕಿ ಪರಾಸ್ ಅಂಚಿನ ಸೀರೆಯೊಂದಕ್ಕೆ ಹೇಳಿ ಬಂದೆ. ಮಷೀನಿನ ಸೀರೆಯನ್ನು ಎಸೆದಿಲ್ಲ, ಮಳೆಗಾಲದಲ್ಲಿ ಉಡಲು ಅದೇ ಅನುಕೂಲ.

ಕುಪ್ಪಸದ ಕಥೆ ಇನ್ನೂ ದೊಡ್ಡದು. ಇಳಕಲ್ ಸೀರೆಗೆ ಜೋಡಿ ಗುಳೇದಗುಡ್ಡದ ಖಣ. ಮೈತುಂಬ ಸಣ್ಣ ಸಣ್ಣ ನೇಯ್ಗೆಯ ಚಿತ್ರ, ಎರಡು ಕಡೆ ಅಂಚು. ನೇರ ನೋಡಿದರೆ ಒಂದು ಬಣ್ಣ, ತಿರುಗಿಸಿದರೆ ಇನ್ನೊಂದು. ಹಳೆಯ ಖಣಗಳ ಅಗಲ ಕಡಿಮೆ, ಮುಂದೆ ಗಂಟು ಕಟ್ಟುವ ಗಿಡ್ಡ ಕುಪ್ಪಸಕ್ಕೆ ಅಳೆದು ನೇಯ್ದದ್ದು. ನಾನು ಬಯಸಿದ್ದು ಮೊಳಕೈವರೆಗಿನ ತೋಳು, ಎತ್ತರದ ಕುತ್ತಿಗೆ. ದರ್ಜಿ ಅಳತೆ ಬರೆದುಕೊಂಡು, "ಆಗತೈತ್ರಿ ಅಕ್ಕಾರ" ಎಂದು ಒಪ್ಪಿಕೊಂಡರು. ತಂದ ದಿನ ನೋಡಿದರೆ ಬಲತೋಳಿನ ಚಿತ್ರಗಳು ನೆಟ್ಟಗಿದ್ದವು, ಎಡತೋಳಿನವು ತಲೆಕೆಳಗಾಗಿದ್ದವು. ಬಟ್ಟೆ ಸಾಲದೆಂದು ಅವರು ಒಂದು ತೋಳನ್ನು ತಿರುಗಿಸಿ ಕತ್ತರಿಸಿದ್ದರು. ಜೊತೆಗೆ ಒಳಗೆ ಪಾಲಿಯೆಸ್ಟರ್ ಅಸ್ತರ್ ಹಾಕಿದ್ದರಿಂದ ಅರ್ಧ ದಿನದಲ್ಲಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತು, ಮೂರನೆಯ ಸಲ ಹಾಕಿದಾಗ ಕಂಕುಳ ಹೊಲಿಗೆಯಲ್ಲಿ ಎಳೆಗಳು ಜಾರಿ ಬಿಟ್ಟುಕೊಂಡವು.

ಎರಡನೆಯ ಕುಪ್ಪಸಕ್ಕೆ ಮೊದಲು ಹಳೆಯ ಬೆಡ್‌ಶೀಟಿನಲ್ಲಿ ನಾನೇ ಮಾದರಿ ಕತ್ತರಿಸಿ, ತುಂಡುಗಳನ್ನು ಖಣದ ಮೇಲೆ ಹರವಿ ನೋಡಿದೆ. ಖಣದ ಅಂಚು ಬೀಳಬೇಕಾದದ್ದು ತೋಳಿನ ತುದಿಗೆ. ಎರಡು ಅಂಚು ಎರಡು ತೋಳಿಗೆ ಹೋದರೆ ಬೆನ್ನಿಗೆ ಅಂಚು ಉಳಿಯುವುದಿಲ್ಲ, ಚಿತ್ರಗಳ ದಿಕ್ಕನ್ನೂ ಕಾಯಬೇಕೆಂದರೆ ಒಂದು ಖಣ ಸಾಲುವುದಿಲ್ಲ. ಎರಡು ಖಣ ತೆಗೆದುಕೊಂಡೆ. ತೆಳು ಹತ್ತಿಯ ಅಸ್ತರನ್ನು ಫಾಲಿನಂತೆಯೇ ನೆನೆಸಿ ಒಣಗಿಸಿದೆ, ಕತ್ತರಿಸಿದ ಕೂಡಲೇ ಎಲ್ಲ ತುಂಡುಗಳ ಬಾಯಿಗೂ ಇಂಟರ್‌ಲಾಕ್ ಹೊಲಿಗೆ ಹಾಕಿಸಿದೆ, ಕಂಕುಳ ಬಳಿ ಒಂದು ಇಂಚು ಬಟ್ಟೆ ಹೆಚ್ಚು ಬಿಡಿಸಿ ಸಡಿಲವಾಗಿ ಹೊಲಿಸಿದೆ. ಮೈಗೆ ಬಿಗಿಯಾಗಿ ಅಂಟುವ ಕುಪ್ಪಸಕ್ಕೆ ಖಣ ಒಗ್ಗುವ ಬಟ್ಟೆಯಲ್ಲ. ಆ ಕುಪ್ಪಸಕ್ಕೆ ಈಗ ಮೂರು ವರ್ಷ. ನಾಲ್ಕು ಸೀರೆಗೂ ಅದೊಂದೇ ಆಗುತ್ತದೆ, ಏಕೆಂದರೆ ನಾನು ಒಡಲಿನ ಬಣ್ಣ ಬಿಟ್ಟು ಸೆರಗಿನ ಕೆಂಪಿಗೆ ಹೊಂದುವ ಖಣವನ್ನೇ ಆರಿಸಿದ್ದೆ.

ಆಭರಣದ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ. ಅಂಚು, ಸೆರಗು, ಖಣ ಮೂರೂ ಒಟ್ಟಿಗೆ ಮಾತಾಡುತ್ತಿರುವಾಗ ಕೊರಳಿಗೆ ಸರವೂ ಬೇಡವೆನಿಸಿ ಕಿವಿಗೆ ಬುಗುಡಿ, ಕೈಗೆ ಹಸಿರು ಬಳೆ ಸಾಕೆಂದುಕೊಂಡಿದ್ದೇನೆ.

ಚಂದ್ರಕಾಳಿಯ ಸೀಳನ್ನು ಏನು ಮಾಡುವುದೆಂದು ಯೋಚಿಸುತ್ತ ಕಸೂತಿಯ ಕಡೆಗೆ ಬಂದೆ. ಸೀಳಿನ ಹಿಂದೆ ಕಪ್ಪು ಹತ್ತಿಯ ತುಂಡೊಂದನ್ನು ಕೊಟ್ಟು ಸಣ್ಣ ಹೊಲಿಗೆ ಹಾಕಿ, ಅದರ ಮೇಲೆ ಗೋಪುರಗಳ ಸಾಲೊಂದನ್ನು ಬಿಡಿಸಬೇಕೆಂಬುದು ಲೆಕ್ಕ. ಧಾರವಾಡದಲ್ಲಿರುವ ಚಿಗವ್ವ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳನ್ನು ಎರಡು ಭಾನುವಾರಗಳಲ್ಲಿ ತೋರಿಸಿಕೊಟ್ಟಳು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಎಲ್ಲಿಯೂ ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ರೀತಿ ಕಾಣಬೇಕು. ಚಿತ್ರವನ್ನು ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಬಿಡಿಸಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಕಾಣದೆ ನಾನು ಅಳುವಂತಾದಾಗ ಚಿಗವ್ವ ತೊಡೆಯ ಮೇಲೆ ಬಿಳಿ ಟವೆಲೊಂದನ್ನು ಹಾಸಿ ಅದರ ಮೇಲೆ ಸೀರೆಯನ್ನು ಇಟ್ಟಳು. ಬಿಳುಪು ಸಂದುಗಳಿಂದ ಇಣುಕಿ, ಎಳೆಗಳು ಒಂದೊಂದಾಗಿ ಕಂಡವು.

ಆದರೂ ಮೂರನೆಯ ಗೋಪುರದಲ್ಲಿ ಒಂದೆಳೆ ತಪ್ಪಿತು. ತಪ್ಪಿದ್ದು ಹೋಗುವಾಗ ತಿಳಿಯಲಿಲ್ಲ, ಮರಳಿ ಬಂದಾಗ ಕಳಸದ ಎರಡು ಗೆರೆಗಳು ಒಂದನ್ನೊಂದು ಮುಟ್ಟದೆ ಪಕ್ಕಪಕ್ಕದಲ್ಲಿ ನಿಂತಿದ್ದವು. ಬಿಚ್ಚಿದರೆ ಹಳೆಯ ಬಟ್ಟೆ ಇನ್ನಷ್ಟು ಸಡಿಲವಾಗುತ್ತದೆಂದು ಚಿಗವ್ವನೇ ಬಿಡು ಎಂದಳು. ಸೀರೆ ಉಟ್ಟಾಗ ಆ ಗೋಪುರ ನೆರಿಗೆಯ ಒಳಮಡಿಕೆಗೆ ಹೋಗುತ್ತದೆ. ಉಳಿದ ಆರರಲ್ಲಿ ಎರಡು ಮುಗಿದಿವೆ.