ಗಂಜ್ ಅಂಗಡಿಯಿಂದ ಮನಿ ಲಿನಕ್ಸ್ ಸರ್ವರಿಗೆ ಡಯಲ್-ಅಪ್: ಮೂರು ವಾರ ಕಾಡಿದ ಕನೆಕ್ಷನ್

2003ರ ಮಾತಿದು. ರಾಯಚೂರಿನ ರಾಜೇಂದ್ರ ಗಂಜ್‌ನಾಗ ಒಂದು ಅಡತಿ ಅಂಗಡಿ ಲೆಕ್ಕ ನಾನು ನೋಡ್ತಿದ್ದೆ. ಹತ್ತಿ ಸೀಜನ್ ಶುರು ಆತಂದ್ರ ದೀಪಾವಳಿಯಿಂದ ಸಂಕ್ರಾಂತಿ ದಾಟೋತನಕ ಪುರುಸೊತ್ತು ಇರ್ತಿರ್ಲಿಲ್ಲ, ರೈತರ ಪಟ್ಟಿ, ಹಮಾಲಿ, ತೂಕದ್ದು, ಖರೀದಿದಾರರ ಖಾತೆ, ಎಲ್ಲಾ ಫಾಕ್ಸ್‌ಪ್ರೋದಾಗ ಬರೆಸಿದ ಒಂದು ಹಳೇ ಪ್ರೋಗ್ರಾಮಿನಾಗ ಹತ್ತಿಸ್ಬೇಕು, ರಾತ್ರಿ ಫ್ಲಾಪಿಗೆ ತಗೊಂಡು ಮನಿಗೆ ಬಂದು ತಾಳೆ ನೋಡ್ಬೇಕು, ಮುಂಜಾನಿ ತಿರುಗಿ ಒಯ್ಯಬೇಕು. ಗಂಜ್‌ನಾಗಿನ ಧೂಳು ನಿಮಗ ಗೊತ್ತೇ ಅದ, ಹತ್ತಿ ಅಂಡಿಗಿ ಬಿಚ್ಚಿದ್ರ ಅರಳಿ ಹಾರಿ ಮೂಗು ಬಾಯಿ ಎಲ್ಲಾ ತುಂಬ್ತದ, ಅಂಥಾ ಕಡಿ ಫ್ಲಾಪಿ ಎಷ್ಟು ದಿನ ಬಾಳ್ತದ? ಎರಡು ಸಲ ಇಡೀ ದಿನದ ಕಿರ್ದಿನೇ ಹೋತು, ರಾತ್ರಿ ಎಲ್ಲಾ ಕುಂತು ಮತ್ತ ಹೊಡಿದೆ. ಆವಾಗ ಠರಾಯಿಸಿದೆ, ಅಂಗಡಿ ಕಂಪ್ಯೂಟರಿಂದ ಮನಿಗೆ ಫೋನ್ ಹಚ್ಚಿ ಫೈಲ್ ಸೀದಾ ಕಳಿಸೋ ಹಾಂಗ ಮಾಡ್ಬೇಕಂತ. ಎರಡೂ ರಾಯಚೂರಾಗೇ ಇದ್ದದ್ದರಿಂದ ಲೋಕಲ್ ಕಾಲ್, ನಡುವ ಇಂಟರ್ನೆಟ್ ಬೇಕಾಗೇ ಇಲ್ಲ.

ಮನಿಯಾಗ ಒಂದು ಹಳೇ ಪೆಂಟಿಯಮ್ ಇತ್ತು, 64 ಎಂಬಿ ರ್ಯಾಮು, ಅದಕ್ಕ ರೆಡ್‌ಹ್ಯಾಟ್ 7.3 ಲಿನಕ್ಸ್ ಹಾಕಿ, ವಿಂಡೋಸಿಗೆ ಫೈಲ್ ಹಂಚೋ ಸಾಂಬಾ ಪ್ರೋಗ್ರಾಮ್ ಎಬ್ಬಿಸಿ ಫೈಲ್ ಸರ್ವರ್ ಮಾಡಿದ್ದೆ. ಅಂಗಡಿಯಾಗ ವಿಂಡೋಸ್ 98. ಮೋಡೆಮ್, ಅಂದ್ರ ಕಂಪ್ಯೂಟರ್ ಮಾತನ್ನ ಫೋನ್ ಲೈನಿನ ಸಪ್ಪಳ ಮಾಡೋ ಸಾಧನ, ಮೊದಲನೇದು ಮಾತ್ರ ತಪ್ಪು ತಂದೆ, ಒಳಗ ಕೂಡ್ಸೋ ಪಿಸಿಐ ಕಾರ್ಡು, ಅಗ್ಗ ಇತ್ತಂತ. ಅಂಥಾ ಕಾರ್ಡಿನಾಗ ಅರ್ಧ ಕೆಲಸ ವಿಂಡೋಸ್ ಡ್ರೈವರ್ರೇ ಮಾಡ್ತದ, ಲಿನಕ್ಸಿಗೆ ಅದು ಮೋಡೆಮ್ ಅಂತಾನೇ ಕಾಣ್ಸಂಗಿಲ್ಲ. ಅದನ್ನ ಅಂಗಡಿ ಕಂಪ್ಯೂಟರಿಗೆ ಹಾಕಿ, ಮನಿಗೆ ಸೀರಿಯಲ್ ಕೇಬಲ್ ಇರೋ ಎಕ್ಸ್‌ಟರ್ನಲ್ ಮೋಡೆಮ್ ತಂದೆ. ಮುಂದ ಲೈಟ್ ಇರೋ ಡಬ್ಬಿನೇ ಬೇಕು ಇಂಥ ಕೆಲಸಕ್ಕ, ಯಾವ ಲೈಟ್ ಯಾವಾಗ ಆರ್ತದ ಅಂತ ನೋಡಿನೇ ಅರ್ಧ ಗೊತ್ತಾಗ್ತದ.

ಫೋನ್ ಎತ್ತೋ ಕೆಲಸ ಎಂಗೆಟ್ಟಿ (mgetty) ಅನ್ನೋ ಲಿನಕ್ಸ್ ಪ್ರೋಗ್ರಾಮಿಂದು. ಲಿನಕ್ಸ್ ಶುರು ಆದಾಗ ಏನೇನು ಓಡ್ಬೇಕಂತ ಬರ್ದಿರೋ ಇನಿಟ್‌ಟ್ಯಾಬ್ ಫೈಲಿನಾಗ ಒಂದು ಸಾಲು ಹಾಕಿದ್ರ ಅದು ಸದಾ ಮೋಡೆಮ್ ಕಾಯ್ಕೊಂಡು ಕುಂದರ್ತದ, ರಿಂಗ್ ಬಂದ್ರ ತಾನೇ ಮೋಡೆಮಿಗೆ ಎಟಿಎ, ಅಂದ್ರ ಫೋನ್ ಎತ್ತು ಅನ್ನೋ ಅಪ್ಪಣಿ, ಕಳಿಸಿ ಎತ್ತಿಸ್ತದ. ಇಲ್ಲಿ ಭಾಳ ಮಂದಿ ಮಾಡೋ ತಪ್ಪು ಅಂದ್ರ ಮೋಡೆಮ್ನಾಗೇ ಎಸ್0=1 ಅಂತ ಕೊಟ್ಟು ಆಟೋ ಆನ್ಸರ್ ಇಡೋದು. ಹಾಂಗ ಇಟ್ರ ಕಂಪ್ಯೂಟರ್ ಬಂದ್ ಇದ್ರೂ ಮೋಡೆಮ್ ಫೋನ್ ಎತ್ತಿ ಕಿರುಚ್ತದ, ಎಂಗೆಟ್ಟಿಗೂ ಏನಾಗ್ಲಿಕ್ಹತ್ಯಾದಂತ ತಿಳಿಯಂಗಿಲ್ಲ. ಎಸ್0=0 ಇರ್ಬೇಕು.

ಇನ್ನ ತೊಂದರಿಗೆ ಬರ್ತೀನಿ. ಅಂಗಡಿಯಿಂದ ಡಯಲ್ ಮಾಡಿದ್ರ ಮನಿ ಮೋಡೆಮ್ ಎತ್ತತಿತ್ತು, ಕಿರ್ರ್ ಅಂತ ಸಪ್ಪಳ ಬಂದು ಕನೆಕ್ಟ್ ಆಗ್ತಿತ್ತು, ಆಮ್ಯಾಲ ಯೂಸರ್‌ನೇಮ್ ಪಾಸ್‌ವರ್ಡ್ ನೋಡ್ಲಿಕ್ಹತ್ತೀನಿ ಅಂತ ಬರ್ತಿತ್ತು, ಸ್ವಲ್ಪ ಹೊತ್ತು ತಡದು ಎರರ್ 650, ಅಂದ್ರ ಎದುರಿನ ಕಂಪ್ಯೂಟರ್ ಜವಾಬು ಕೊಡವಲ್ದು ಅಂತ. ಕೆಲವು ಸಲ ಕನೆಕ್ಟ್ ಆಗೋದ್ರೊಳಗೇ ನೋ ಕ್ಯಾರಿಯರ್ (ಎದುರಿನ ಮೋಡೆಮಿನ ಸಪ್ಪಳ ಸಿಗವಲ್ದು) ಅಂತ ಕಟ್. ಮೊದಲ ಎರಡು ವಾರ ನಾನು ಎರಡಕ್ಕೂ ಒಂದೇ ಕಾರಣ ಅದ ಅಂತ ತಿಳ್ಕೊಂಡು ಒಮ್ಮೆ ಪಿಪಿಪಿ (ಫೋನ್ ಲೈನ್ ಮ್ಯಾಲ ಎರಡು ಕಂಪ್ಯೂಟರ್ ಮಾತಾಡೋ ಪದ್ಧತಿ) ಸೆಟ್ಟಿಂಗ್ ಬದಲಾಯಿಸ್ತಿದ್ದೆ, ಒಮ್ಮೆ ಮೋಡೆಮಿಗೆ ಕೊಡೋ ಅಪ್ಪಣಿ ಸಾಲು ಬದಲಾಯಿಸ್ತಿದ್ದೆ, ಯಾವುದು ಬದಲಾಯಿಸಿದ್ರ ಏನಾತು ಅನ್ನೋದು ತಲಿಗೇ ಹತ್ತಲಿಲ್ಲ. ಖರೇ ಅಂದ್ರ ಎರಡು ಬ್ಯಾರೆ ಬ್ಯಾರೆ ರೋಗ ಒಂದರ ಮ್ಯಾಲ ಒಂದು ಕುಂತಿದ್ವು.

ಬಿಡಿಸ್ಲಿಕ್ಕೆ ಒಂದು ಉಪಾಯ ಮಾಡಿದೆ, ಇದು ಇವತ್ತಿಗೂ ನನಗ ಭಾಳ ಸೇರ್ತದ. ಭಾನುವಾರ ಸಾಹುಕಾರ್ರಿಗೆ ಹೇಳಿ ಅಂಗಡಿ ಸಿಪಿಯುನ ಮನಿಗೆ ತಂದು ಸರ್ವರ್ ಪಕ್ಕಕ್ಕ ಇಟ್ಟೆ. ಎರಡೂ ಮೋಡೆಮ್ ನಡುವ ಸಾದಾ ಫೋನ್ ವೈರು, ಎಕ್ಸ್‌ಚೇಂಜ್ ಇಲ್ಲ, ಕಂಬ ಇಲ್ಲ, ಏನೂ ಇಲ್ಲ. ಡಯಲ್ ಟೋನ್ ಬರಂಗಿಲ್ಲಲ್ಲ ಅದಕ್ಕ ಒಂದು ಕಡಿ ಎಟಿಎಕ್ಸ್3ಡಿ, ಅಂದ್ರ ಟೋನ್ ಕಾಯಬ್ಯಾಡ ಸೀದಾ ಶುರು ಮಾಡು ಅಂತ. ಇನ್ನೊಂದು ಕಡಿ ರಿಂಗೂ ಬರಂಗಿಲ್ಲ, ಅದಕ್ಕ ಎಂಗೆಟ್ಟಿ ಪ್ರೊಸೆಸ್ಸಿಗೆ ಎತ್ತು ಅಂತ ಸಿಗ್ನಲ್ ಕೊಟ್ಟು ಎಟಿಎ ಕಳಿಸ್ಬೇಕು. ಎಲ್ಲಾ ಮೋಡೆಮಿನಾಗ ಹಿಂಗ ಆಗಂಗಿಲ್ಲ, ಕೆಲವಕ್ಕ ಲೈನಿನಾಗ ಕರೆಂಟ್ ಬೇಕಂತದ, ಆದ್ರ ನನ್ನವು ಎರಡೂ ಒಪ್ಪಿದ್ವು, ತಟ್ಟನೆ 33600ಕ್ಕ ಕನೆಕ್ಟ್ ಆದ್ವು. ಎರಡೂ ಕಡಿ ಸಾದಾ ಮೋಡೆಮ್ ಇದ್ರ ಅದೇ ಕಡೀ ಮಿತಿ, ಡಬ್ಬಿ ಮ್ಯಾಲ 56ಕೆ ಅಂತ ಬರದಿದ್ರೂ. 56ಕೆ ಬರ್ಬೇಕಂದ್ರ ಒಂದು ತುದಿ ಎಕ್ಸ್‌ಚೇಂಜಿಗೆ ಡಿಜಿಟಲ್ ಆಗೇ ಸೇರಿರ್ಬೇಕು, ಇಂಟರ್ನೆಟ್ ಕೊಡೋರ ಹತ್ರ ಇರೋ ಹಾಂಗ.

ಇಷ್ಟು ಸ್ವಚ್ಛ ಲೈನಿನಾಗೂ ಎರರ್ 650 ಬಂತು! ಅವತ್ತು ನನಗಾದ ಸಂತೋಷ ಹೇಳ್ಲಿಕ್ಕಾಗಂಗಿಲ್ಲ, ಯಾಕಂದ್ರ ಒಂದು ರೋಗ ಪೂರಾ ಸರ್ವರ್ ಒಳಗೇ ಅದ, ಲೈನಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಪಕ್ಕಾ ಆತು.

ಎಂಗೆಟ್ಟಿ ಲಾಗ್ ತಗದು ಸಾವಕಾಶ ಓದಿದೆ. ಲಾಗಿನ್ ಹೆಸರು ಇರೋ ಜಾಗದಾಗ ಹೆಸರಿಲ್ಲ, ಬರೇ ಅಲೆಗೆರೆ, ಬಳ್ಳಿ ಬ್ರಾಕೆಟ್ಟು, ಹ್ಯಾಷು, ಹಿಂಗ ಕಸ ಕಸ. ಮೊದಲು ಲೈನ್ ಗದ್ಲ ಅಂದ್ಕೊಂಡಿದ್ದೆ, ಮೇಜಿನ ಮ್ಯಾಲೂ ಅದೇ ಬಂದಾಗ ಗೊತ್ತಾತು ಅದು ಕಸ ಅಲ್ಲ, ಪಿಪಿಪಿ ಪ್ಯಾಕೆಟ್ಟು. ಪಿಪಿಪಿ ಫ್ರೇಮ್ ಪ್ರತಿಯೊಂದೂ 7ಇ ಅನ್ನೋ ಬೈಟಿಂದ ಶುರು ಆಗ್ತದ, ಸ್ಕ್ರೀನ್ ಮ್ಯಾಲ ಅದು ಅಲೆಗೆರೆ ಆಗಿ ಕಾಣ್ತದ. ವಿಂಡೋಸು ಪಿಪಿಪಿ ಮಾತಾಡ್ಲಿಕ್ಹತ್ಯಾದ, ಎಂಗೆಟ್ಟಿ ಅದನ್ನ ಮನಷ್ಯಾ ಹೊಡಿಯೋ ಹೆಸರು ಅಂತ ತಿಳ್ಕೊಂಡು ಪಾಸ್‌ವರ್ಡ್ ಕೇಳ್ಲಿಕ್ಹತ್ಯಾದ. ಇದನ್ನ ಗುರುತು ಹಿಡ್ದು ಪಿಪಿಪಿ ನಡೆಸೋ ಪಿಪಿಪಿಡಿ ಪ್ರೋಗ್ರಾಮಿಗೆ ಒಪ್ಪಿಸ್ಲಿಕ್ಕೆ ಲಾಗಿನ್ ಡಾಟ್ ಕಾನ್ಫಿಗ್ ಫೈಲಿನಾಗ ಆಟೋಪಿಪಿಪಿ ಅಂತ ಒಂದು ಸಾಲು ಇರ್ತದ. ನನ್ನ ಫೈಲಿನಾಗ ಆ ಸಾಲು ಇತ್ತು, ಆದ್ರ ಮುಂದ ಹ್ಯಾಷ್ ಇತ್ತು, ಅಂದ್ರ ಇದ್ದೂ ಇಲ್ಲದಂಗ. ಒಂದು ಅಕ್ಷರ ಅಳಿಸಿದೆ ಅಷ್ಟ.

ಆಮ್ಯಾಲ ಪಾಸ್‌ವರ್ಡ್ ತನಕ ಬಂತು, ಅಲ್ಲಿ ಮತ್ತೊಂದು: ಈ ರಿಮೋಟ್ ಅಡ್ರೆಸ್ ಬಳಸ್ಲಿಕ್ಕೆ ಎದುರಿನವಗ ಅನುಮತಿ ಇಲ್ಲ ಅಂತ ಪಿಪಿಪಿಡಿ ತಕರಾರು. ಪ್ಯಾಪ್-ಸೀಕ್ರೆಟ್ಸ್ ಫೈಲಿನಾಗ ಮೂರು ಕಾಲಂ ತುಂಬಿದ್ದೆ, ಹೆಸರು, ಸರ್ವರ್, ಪಾಸ್‌ವರ್ಡ್. ನಾಲ್ಕನೇದು ಐಪಿ ಅಡ್ರೆಸ್ಸಿಂದು, ಖಾಲಿ ಬಿಟ್ಟಿದ್ದೆ, ಖಾಲಿ ಅಂದ್ರ ಯಾವುದೂ ನಡಿಯಂಗಿಲ್ಲ ಅಂತ ಅರ್ಥ. ಅಲ್ಲಿ ಅಂಗಡಿ ಕಂಪ್ಯೂಟರಿಗೆ ಗೊತ್ತು ಮಾಡಿದ್ದ 192.168.1.50 ಹಾಕಿದೆ, ಹತ್ತಿತು. ಒಂದು ತಾಸು ಬಿಟ್ಟೆ, ಹರಿಲಿಲ್ಲ.

ನಡುವ ಇನ್ನೊಂದು ವಿಚಿತ್ರ ಆಗಿತ್ತು, ಅದನ್ನೂ ಹೇಳ್ತೀನಿ ಯಾಕಂದ್ರ ಇದಕ್ಕ ನನ್ನ ಎರಡು ರಾತ್ರಿ ಹೋಗ್ಯಾವ. ಮೋಡೆಮ್ ಜೊತಿ ಸೀದಾ ಮಾತಾಡೋ ಮಿನಿಕಾಮ್ ಪ್ರೋಗ್ರಾಮ್ ತಗದು ಎಟಿ ಅಂತ ಹೊಡಿದ್ರ ಒಮ್ಮೆ ಓಕೆ ಬರ್ತದ, ಒಮ್ಮೆ ಬರೇ ಕೆ ಬರ್ತದ, ಒಮ್ಮೆ ಏನೂ ಇಲ್ಲ. ಕೇಬಲ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ. ಕಾರಣ ಏನಂದ್ರ ಎಂಗೆಟ್ಟಿ ಮತ್ತ ಮಿನಿಕಾಮ್ ಎರಡೂ ಒಂದೇ ಪೋರ್ಟಿಂದ ಓದ್ಲಿಕ್ಹತ್ತಿದ್ವು, ಬಂದ ಅಕ್ಷರ ಯಾರ ಕೈಗೆ ಸಿಕ್ರ ಅವರದು. ಇದು ಆಗಬಾರ್ದಂತಾನೇ, ಪೋರ್ಟ್ ಬಳಕಿಯಾಗ ಅದ ಅಂತ ತೋರ್ಸೋ ಲಾಕ್ ಫೈಲ್ ಇರ್ತದ, ಆದ್ರ ಎಂಗೆಟ್ಟಿ ಟಿಟಿವೈಎಸ್0 ಅನ್ನೋ ಪೋರ್ಟಿನ ಖರೇ ಹೆಸರಿನ ಮ್ಯಾಲ ಲಾಕ್ ನೋಡ್ತಿತ್ತು, ಮಿನಿಕಾಮಿಗೆ ನಾನು ಮೋಡೆಮ್ ಅನ್ನೋ ಲಿಂಕ್ ಹೆಸರು ಕೊಟ್ಟಿದ್ದೆ, ಅದು ಆ ಹೆಸರಿಲೇ ಲಾಕ್ ಹಾಕ್ತಿತ್ತು. ಒಂದೇ ಬಾಗಲು, ಎರಡು ಕೀಲಿ. ಎಲ್ಲಾ ಕಡಿ ಟಿಟಿವೈಎಸ್0 ಅಂತಾನೇ ಕೊಟ್ಟ ಮ್ಯಾಲ ಸರಿ ಹೋತು.

ಸೋಮವಾರ ಸಿಪಿಯು ಅಂಗಡಿಗೆ ಒಯ್ದು ಹಚ್ಚಿದೆ. ಕನೆಕ್ಟ್ ಆತು, ಲಾಗಿನ್ ಆತು, ಫೈಲ್ ಹೋಗ್ಲಿಕ್ಹತ್ತಿತು, ಸಾಹುಕಾರ್ರೂ ಬಂದು ಬೆನ್ನ ಹಿಂದ ನಿಂತಾರ, ನಾಲ್ಕು ನಿಮಿಷಕ್ಕ ಕಟ್. ಮತ್ತ ಹಚ್ಚಿದೆ, ಮತ್ತ ಕಟ್. "ಇನ್ನೊಂದು ಫ್ಲಾಪಿ ಡಬ್ಬಿ ತರ್ಸಲೇನು ತಮ್ಮಾ?" ಅಂದ್ರು. "ಬ್ಯಾಡ್ರಿ ಸಾಹುಕಾರ್ರೇ, ಒಂದು ವಾರ ಟೈಂ ಕೊಡ್ರಿ" ಅಂದೆ. ಈಗ ಉಳ್ದದ್ದು ಲೈನ್ ಅಷ್ಟೇ ಅಂತ ಗೊತ್ತಿತ್ತಲ್ಲ, ಧೈರ್ಯ ಇತ್ತು.

ಮನಿ ಲೈನ್ ನೋಡ್ಲಿಕ್ಕೆ ಮೊದಲು ಮೀಟರ್ ಹಿಡಿದೆ. ಫೋನ್ ಕೆಳಗಿಟ್ಟಾಗ, ಫೋನ್ ವೈರ್ ಬಂದು ಸೇರೋ ರೋಸೆಟ್ ಡಬ್ಬಿಯಾಗ 48 ವೋಲ್ಟಿನ ಹತ್ರ ತೋರಿಸ್ತು, ಸರಿಯಾಗೇ ಅದ. ಇಲ್ಲೇ ಮೋಸ ಹೋದೆ. ಫೋನ್ ಇಟ್ಟಾಗ ಲೈನಿನಾಗ ಕರೆಂಟ್ ಹರಿಯಂಗಿಲ್ಲ, ಕರೆಂಟ್ ಹರಿಯದಿದ್ರ ಜಾಯಿಂಟ್ ಎಷ್ಟು ಕೆಟ್ಟಿದ್ರೂ ವೋಲ್ಟ್ ಪೂರಾನೇ ಕಾಣ್ತದ. ಫೋನ್ ಎತ್ತಿ ನೋಡ್ಬೇಕು. ಎತ್ತಿದಾಗ 8-9 ವೋಲ್ಟಿಗೆ ಇಳೀತು, ಅದೂ ಸರಿನೇ, ಆದ್ರ ಮನಿಗೆ ಬರೋ ವೈರ್ ಒಮ್ಮೆ ಅಲ್ಲಾಡಿಸಿದೆ ನೋಡ್ರಿ, ಮುಳ್ಳು ಕುಣೀತು.

ಮೀಟರ್ ಇಲ್ಲದಿದ್ರ ಕಿವಿನೇ ಸಾಕು. ಫೋನ್ ಎತ್ತಿ ಯಾವುದಾದ್ರೂ ಒಂದು ಅಂಕಿ ಒತ್ತಿದ್ರ ಡಯಲ್ ಟೋನ್ ನಿಂತು ಲೈನ್ ಸುಮ್ಮನಾಗ್ತದ, ಆ ನಾಲ್ಕೈದು ಸೆಕೆಂಡ್ ಕಿವಿಗೊಟ್ಟು ಕೇಳ್ಬೇಕು. ಗುಂಯ್ ಅಂದ್ರ ಎಲ್ಲೋ ಅರ್ಥ್ ಇಲ್ಲಾ ಕರೆಂಟ್ ಲೈನ್ ಪಕ್ಕಕ್ಕ ಅದ ಅಂತ, ಚಟಪಟ ಅಂದ್ರ ಜಾಯಿಂಟ್ ಸಡ್ಲ. ನಮ್ಮದು ಒಗ್ಗರಣಿಯಾಗ ಸಾಸಿವಿ ಸಿಡ್ದಂಗ ಚಟಪಟ, ಅದೂ ಗಾಳಿ ಬಿಟ್ಟಾಗ ಜಾಸ್ತಿ. ಮನಷ್ಯಾರು ಮಾತಾಡ್ಲಿಕ್ಕೆ ಇದು ಏನೂ ಅಡ್ಡಿ ಇಲ್ಲ, ಕಿವಿ ದಾಟಿಸ್ಕೊಂಡು ಹೋಗ್ತದ, ಅದಕ್ಕ ಮನಿಯಾಗ ಯಾರೂ ತಕರಾರು ಮಾಡಿರ್ಲಿಲ್ಲ. ಮೋಡೆಮಿಗೆ ಮಾತ್ರ ಪ್ರತಿ ಚಟ್ ಒಂದು ಏಟು.

ಮೋಡೆಮ್ನೂ ಇದನ್ನೇ ಹೇಳ್ತಿತ್ತು. ಕಟ್ ಆದ ಕೂಡ್ಲೇ ಎಟಿ ಆಂಡ್ ವಿ1 ಕೊಟ್ರ ನನ್ನ ಮೋಡೆಮ್ನಾಗ ಹೋದ ಕಾಲಿಂದು ಲೆಕ್ಕ ಬರ್ತಿತ್ತು, ಮೊದಲು ಎಷ್ಟು ಸ್ಪೀಡ್, ಕಡೀಗೆ ಎಷ್ಟು, ಯಾಕ ಕಟ್ ಆತು. 28800ಕ್ಕ ಶುರು ಆಗಿ 12000ಕ್ಕ ಇಳ್ದು ಸತ್ತಿರ್ತಿತ್ತು.

ನಮ್ಮ ಸಂದಿಯಾಗ ಕಂಬದಿಂದ ಮನಿಗೆ ಬರೋ ಡ್ರಾಪ್ ವೈರು ಒಂದು ಬೇವಿನ ಗಿಡದ ಟೊಂಗಿ ಮ್ಯಾಲ ಹಾಯ್ದು ಬರ್ತಿತ್ತು. ಕಂಪ್ಲೇಂಟ್ ಬರ್ಸಿ, ಲೈನ್‌ಮನ್ ಬರೋತನಕ ಕೈ ಕಟ್ಟಿ ಕೂಡಬಾರ್ದಂತ ಎರಡು ಕೆಲಸ ಮಾಡಿದೆ. ಒಂದು, ಎಟಿ+ಎಂಎಸ್ ಕೊಟ್ಟು ಸ್ಪೀಡನ್ನ 14400ಕ್ಕ ಕಟ್ಟಿಹಾಕಿದೆ, ಕೆಟ್ಟ ಲೈನಿನಾಗ ಜೋರು ಓಡಿ ಬೀಳೋದಕ್ಕಿಂತ ಸಾವಕಾಶ ನಡಿಯೋದೇ ಬರೋಬ್ಬರಿ. ಇನ್ನೊಂದು, ಎಸ್10 ರಿಜಿಸ್ಟರ್. ಕ್ಯಾರಿಯರ್ ಹೋದ ಮ್ಯಾಲ ಎಷ್ಟು ಹೊತ್ತು ಕಾದು ಫೋನ್ ಇಡ್ಬೇಕು ಅನ್ನೋದು ಅದು, ಸೆಕೆಂಡಿನ ಹತ್ತನೇ ಒಂದು ಪಾಲಿನ ಲೆಕ್ಕ. 14 ಇತ್ತು, ಅಂದ್ರ ಒಂದೂವರಿ ಸೆಕೆಂಡೂ ಇಲ್ಲ, 50 ಮಾಡಿದೆ. ಎರಡೂ ಕಡಿ ಮಾಡ್ಬೇಕು, ಒಂದೇ ಕಡಿ ಮಾಡಿದ್ರ ಇನ್ನೊಬ್ಬ ಇಟ್ಟುಬಿಡ್ತಾನ. ಇಷ್ಟಕ್ಕೇ ನಾಲ್ಕು ನಿಮಿಷದ್ದು ಇಪ್ಪತ್ತು ನಿಮಿಷ ಆತು.

ಮೂರನೇ ದಿನ ಲೈನ್‌ಮನ್ ಬಂದ್ರು. ಮೊದಲು ತಮ್ಮ ಫೋನ್ ಹಚ್ಚಿ "ಮಾತು ಸ್ವಚ್ಛ ಕೇಳ್ತದಲ್ರೀ ಸರ" ಅಂದ್ರು. ನಾನು "ಅಣ್ಣಾರೇ, ಒಂದು ಅಂಕಿ ಒತ್ತಿ ಸುಮ್ಮನ ಕೇಳ್ರಿ, ನಾ ಟೊಂಗಿ ಅಲ್ಲಾಡಿಸ್ತೀನಿ" ಅಂತ ಗಿಡದ ಕೆಳಗ ನಿಂತೆ. ಎರಡು ಸಲ ಕೇಳಿದ್ರು, ಮಾತಾಡ್ಲಿಲ್ಲ, ಏಣಿ ತಂದು ಕಂಬ ಹತ್ತಿದ್ರು. ಕಂಬದ ಮ್ಯಾಲಿನ ಡಿಪಿ ಡಬ್ಬಿಯಿಂದ (ಮನಿ ಮನಿಗೆ ವೈರ್ ಹೋಗೋ ಡಬ್ಬಿ) ಒಂದು ಮೊಳ ಈ ಕಡಿ ಯಾವಾಗೋ ವೈರ್ ಹರ್ದು ಕೈಲೇ ಹೊಸೆದು ಟೇಪ್ ಸುತ್ತಿದ ಜಾಯಿಂಟು, ಟೇಪ್ ಬಿಚ್ಚಿದ್ರ ತಾಮ್ರ ಎಲ್ಲಾ ಹಸರು ಕಿಲುಬು. ಬಿಸಿಲಿಗೆ ಟೇಪ್ ಒಣಗಿ ಬಿಚ್ಚಿಕೊಂಡು ಮಳಿ ನೀರು ಒಳಗ ಹೋಗಿತ್ತು. ಅವರು ಜಾಯಿಂಟ್ ಮಾಡ್ಲಿಕ್ಕೇ ಹೋಗ್ಲಿಲ್ಲ, ಡಬ್ಬಿಯಿಂದ ಮನಿತನಕ ಒಂದೇ ಹೊಸಾ ವೈರ್ ಎಳದು, ಗಿಡ ತಪ್ಪಿಸಿ ಹಾಯಿಸಿಕೊಟ್ರು. ಅವ್ವ ಅವರಿಗೆ ಚಾ ಮಾಡಿಕೊಟ್ಳು. ಒಳಗಿನ ಪ್ಯಾರಲಲ್ ಫೋನಿನ ರೋಸೆಟ್ನಾಗೂ ಒಂದು ಸ್ಕ್ರೂ ಸಡ್ಲ ಇತ್ತು, ಅದು ನಾನೇ ಬಿಗಿ ಮಾಡಿದೆ.

ಅವತ್ತು ರಾತ್ರಿ ಸ್ಪೀಡ್ ಕಟ್ಟು ಬಿಚ್ಚಿ ಹಚ್ಚಿದೆ. 31200. ಜಿಪ್ ಮಾಡಿದ ಒಂದು ಎಂಬಿ ಫೈಲು ಐದು ನಿಮಿಷದ ಒಳಗ ಬಂತು, ಎಸ್10 ಮಾತ್ರ 50ಕ್ಕೇ ಬಿಟ್ಟೆ.

ಉಳ್ದದ್ದು ಮನಿಯೋರ ಕಷ್ಟ. ಹಗಲು ಯಾರರ ನೆಂಟರು ಫೋನ್ ಮಾಡಿದ್ರ ಮೋಡೆಮ್ ಎತ್ತಿ ಅವರ ಕಿವಿಯಾಗ ಕಿರುಚ್ತಿತ್ತು, ಸಿಂಧನೂರಿನ ನಮ್ಮ ಸಣ್ಣವ್ವ ಗಾಬರಿ ಆಗಿ ಮನಿಗೇ ಬಂದುಬಿಟ್ಟಿದ್ಳು. ಎಂಗೆಟ್ಟಿದಾಗ ರಿಂಗ್ಸ್ ಅಂತ ಅದ, ಆರು ರಿಂಗ್ ಆಗೋತನಕ ಎತ್ತಬ್ಯಾಡ ಅಂತ ಇಟ್ಟೆ. ಇನ್ನೂ ಚಲೋದು ಏನಂದ್ರ ಇಟಿಸಿ ಡೈರೆಕ್ಟರಿಯಾಗ ನೋಲಾಗಿನ್ ಡಾಟ್ ಟಿಟಿವೈಎಸ್0 ಅಂತ ಒಂದು ಖಾಲಿ ಫೈಲ್ ಇದ್ರ ಸಾಕು, ಎಂಗೆಟ್ಟಿ ಫೋನ್ ಎತ್ತಂಗೇ ಇಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ನಡಿಸೋ ಕ್ರಾನ್‌ಗೆ ಹೇಳಿ ರಾತ್ರಿ ಹತ್ತಕ್ಕ ಆ ಫೈಲ್ ಹುಟ್ಟೋ ಹಾಂಗ, ಮರುದಿನ ರಾತ್ರಿ ಎಂಟೂವರಿಗೆ ಅಳಿಸೋ ಹಾಂಗ ಮಾಡಿದೆ. ಎಂಟೂವರಿಯಿಂದ ಹತ್ತರ ತನಕ ಫೋನ್ ಅಂಗಡಿದು, ಉಳ್ದ ಹೊತ್ತು ಮನಿದು.

ಆ ಸೀಜನ್ ಪೂರಾ ಹಿಂಗೇ ನಡೀತು. ಮೇ ತಿಂಗಳಾಗ ಅಡ್ಡಮಳಿ ಗುಡುಗು ಬಂದಾಗ ಕಂಪ್ಯೂಟರ್ ಸ್ವಿಚ್ ತಗದಿದ್ದೆ, ಫೋನ್ ವೈರ್ ಮರ್ತೆ. ಸಿಡಿಲು ಎಲ್ಲೋ ದೂರ ಬಿತ್ತು, ಮರುದಿನ ಮೋಡೆಮ್ ಲೈಟ್ ಹತ್ತತದ, ಎಟಿ ಅಂದ್ರ ಓಕೆ ಅಂತದ, ಡಯಲ್ ಮಾಡು ಅಂದ್ರ ನೋ ಡಯಲ್‌ಟೋನ್. ಎಕ್ಸ್3 ಕೊಟ್ಟೂ ನೋಡಿದೆ, ಏನೂ ಇಲ್ಲ, ಲೈನ್ ಕಡಿ ಭಾಗ ಸುಟ್ಟಿತ್ತು. ಹೊಸದು ತಂದು ಅವ್ವಗ ತೋರಿಸಿಕೊಟ್ಟೆ, ಮೋಡ ಕಟ್ಟಿದ್ರ ಸಾಕು, ಮಳಿ ಬರೋತನಕ ಕಾಯಬ್ಯಾಡ, ಗ್ವಾಡಿಯಿಂದ ಈ ಕರೇ ವೈರ್ ಕೀಳು ಅಂತ. ಆಮ್ಯಾಲ ನಾನು ಗಂಜ್‌ನಾಗ ಇದ್ದಾಗ ಗುಡುಗು ಕೇಳಿ ಮನಿಗೆ ಫೋನ್ ಮಾಡಿದ್ರ ಪ್ಯಾರಲಲ್ ಫೋನಿನಾಗ ಅವ್ವ ಹಲೋ ಅನ್ನೋಕಿಂತ ಮೊದಲೇ "ಕಿತ್ತೀನಪ್ಪಾ" ಅಂತಿದ್ಳು.